ಕಣ್ಣಿನ ಆಪರೇಷನ್ ಆದ 86 ಜನರಲ್ಲಿ 57 ಜನರಿಗೆ ಮೆಸೇಜ್ ತಲುಪಿಲ್ಲ, ಎಲ್ಲಿ ತಪ್ಪಿದ್ದೇವೆ?

ಶಿಬಿರದ ಲೆಕ್ಕ, ತಿಪಟೂರು

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ, ದಯವಿಟ್ಟು ಪೂರ್ತಿ ಓದಿ.

ನಾನು ಇಲ್ಲಿನ ಒಂದು ಚಿಕ್ಕ ಟ್ರಸ್ಟಿನಲ್ಲಿ ಲೆಕ್ಕಪತ್ರ, ಫೋನು, ಕಾಗದದ ಕೆಲಸ ನೋಡಿಕೊಳ್ಳುತ್ತೇನೆ. ನಾವು ಹಳ್ಳಿಗಳಲ್ಲಿ ಕಣ್ಣಿನ ತಪಾಸಣೆ ಶಿಬಿರ ಮಾಡುತ್ತೇವೆ. ಪೊರೆ ಬಂದವರನ್ನು ಬಸ್ಸಿನಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಆಪರೇಷನ್ ಮಾಡಿಸಿ, ಮತ್ತೆ ಊರಿಗೆ ಬಿಡುತ್ತೇವೆ. ಅಲ್ಲಿಗೆ ಕೆಲಸ ಮುಗಿಯಲ್ಲ. ಹನಿ ಔಷಧಿಯನ್ನು ಡಾಕ್ಟರು ಹೇಳಿದ ಹಾಗೆ ಕಡಿಮೆ ಮಾಡುತ್ತಾ ಹೋಗಬೇಕು. ನಡುವೆ ಮರುತಪಾಸಣೆಗೆ ಬರಲೇಬೇಕು. ಆ ದಿನ ಯಾವುದು, ಎಲ್ಲಿಗೆ ಬರಬೇಕು ಎಂದು ತಿಳಿಸುವುದಕ್ಕೆ ನಮಗಿರುವುದು ಮೆಸೇಜ್ ಒಂದೇ. ವಾಟ್ಸಾಪ್ ಆಗಲ್ಲ. ನಮ್ಮ ಪಟ್ಟಿಯಲ್ಲಿ ಜಾಸ್ತಿ ಇರುವುದು ಕೀಪ್ಯಾಡ್ ಫೋನು. ಎಷ್ಟೋ ಕಡೆ ಮಗನದೋ ಪಕ್ಕದ ಮನೆಯವರದೋ ನಂಬರ್ ಕೊಟ್ಟಿರುತ್ತಾರೆ.

ಕಳೆದ ಭಾನುವಾರ ಮರುತಪಾಸಣೆ ಇತ್ತು. 86 ಜನ ಬರಬೇಕಿತ್ತು. ಬಂದವರು 34.

ಬುಧವಾರ ಬೆಳಗ್ಗೆ ಹುಳಿಯಾರು ಕಡೆಯ ಒಬ್ಬರು ಅಜ್ಜಿ ಬಸ್ ಹತ್ತಿ ನಮ್ಮ ಆಫೀಸಿಗೇ ಬಂದರು. ಕಪ್ಪು ಕನ್ನಡಕ ಹಾಕಿಕೊಂಡೇ ಇದ್ದರು. ಕೂರಲಿಲ್ಲ. ಸೆರಗಿನ ತುದಿಯ ಗಂಟು ಬಿಚ್ಚಿ, ಅದರೊಳಗಿಂದ ಖಾಲಿ ಹನಿ ಬಾಟಲಿ ತೆಗೆದು ನನ್ನ ಮೇಜಿನ ಮೇಲೆ ಇಟ್ಟರು. "ಇದು ಖಾಲಿಯಾಗಿ ಹತ್ತು ದಿನ ಆಯ್ತವ್ವಾ. ನೀವು ಕರೀತೀರಿ ಅಂತ ಕಾಯ್ತಾ ಇದ್ದೆ" ಎಂದರು. ಮೆಸೇಜ್ ಕಳಿಸಿದ್ದೆವಲ್ಲ ಅಜ್ಜಿ ಎಂದರೆ, ಮೊಮ್ಮಗನ ಫೋನನ್ನೇ ತಂದಿದ್ದರು. ನಾನೇ ತೆಗೆದು ನೋಡಿದೆ. ನಮ್ಮಿಂದ ಏನೂ ಬಂದಿರಲಿಲ್ಲ. ಅವತ್ತೇ ಡಾಕ್ಟರ ಹತ್ತಿರ ಕಳಿಸಿದೆವು, ಕಣ್ಣಿಗೆ ಏನೂ ಆಗಿಲ್ಲ ಎಂದರು. ಆದರೂ ಆ ಬಾಟಲಿ ನನ್ನ ಕಣ್ಣ ಮುಂದೆಯೇ ಇದೆ.

ಹಿಂದೆ ನಮ್ಮ ಹುಡುಗನೊಬ್ಬ ತನ್ನ ಸಿಮ್ಮಿನಿಂದಲೇ ಎಲ್ಲರಿಗೂ ಮೆಸೇಜ್ ಹಾಕುತ್ತಿದ್ದ. ಹಳೆಯ ಶಿಬಿರದವರ ಪಟ್ಟಿಗೂ ಸೇರಿಸಿ ಒಂದು ಸಲ ಹಾಕಿದ. ಯಾರೋ ದೂರು ಕೊಟ್ಟರು, ಅವನ ನಂಬರಿನಿಂದ ಹೊರಗೆ ಕರೆಯೂ ಹೋಗದ ಹಾಗೆ ಆಯ್ತು. ಆಮೇಲೆ ಒಂದು ಎಸ್‌ಎಂಎಸ್ ಕಂಪನಿ ಹಿಡಿದೆವು. ಡಿಎಲ್‌ಟಿ ನೋಂದಣಿ (ಒಟ್ಟಿಗೆ ಮೆಸೇಜ್ ಕಳಿಸುವ ಸಂಸ್ಥೆ ಫೋನ್ ಕಂಪನಿಗಳ ತಾಣದಲ್ಲಿ ಹೆಸರು ದಾಖಲಿಸುವುದು) ಮಾಡಿಸಿದೆವು, ಜಿಎಸ್‌ಟಿ ಸೇರಿ 5,900 ರೂಪಾಯಿ ಕಟ್ಟಿದೆವು. ಮೆಸೇಜಿನ ಮೇಲೆ ಕಳಿಸಿದವರ ಹೆಸರಾಗಿ ಕಾಣುವ ಹೆಡರ್ ಸಿಕ್ಕಿತು, ಮೊದಲೇ ಒಪ್ಪಿಗೆ ಪಡೆಯಬೇಕಾದ ಮೆಸೇಜಿನ ಮಾದರಿ, ಅಂದರೆ ಟೆಂಪ್ಲೇಟೂ ಪಾಸಾಯ್ತು. ಎಲ್ಲ ಸರಿ ಇದೆ ಎಂದುಕೊಂಡಿದ್ದೆ.

ಈಗ ರಿಪೋರ್ಟ್ ತೆಗೆದರೆ 86ರಲ್ಲಿ 29 ತಲುಪಿದೆ, 2 ಫೋನ್ ಸ್ವಿಚ್ ಆಫ್, ಉಳಿದ 55ರ ಮುಂದೆ ಟೆಂಪ್ಲೇಟ್ ಹೊಂದಿಲ್ಲ ಎಂದಿದೆ. ಕಂಪನಿಯವರಿಗೆ ಮೂರು ಸಲ ಫೋನ್ ಮಾಡಿದೆ. "ಟೆಂಪ್ಲೇಟ್ ಸರಿಯಾಗಿ ಹಾಕಿ ಮೇಡಂ" ಅಂತಾರೆ, ಯಾವುದು ಸರಿಯಿಲ್ಲ ಅಂತ ಹೇಳಲ್ಲ. ಒಂದೇ ಟೆಂಪ್ಲೇಟು, ಒಂದೇ ಹೆಡರು. 29 ಜನಕ್ಕೆ ಹೋಗಿ 55 ಜನಕ್ಕೆ ಹೋಗದೇ ಇರುವುದು ಹೇಗೆ? ಮುಂದಿನ ಮರುತಪಾಸಣೆಗೆ ಮೂರು ವಾರ ಇದೆ. ತಿಳಿದವರು ದಾರಿ ತೋರಿಸಿ.

ರಕ್ತದಾನಿ, ಹಾಸನ

ಮೇಡಂ, ನಾವು ರಕ್ತದಾನಿಗಳ ಬಳಗ ನಡೆಸುತ್ತೇವೆ. ಸಿಮ್ಮಿನಿಂದ ಕಳಿಸಿ ಏಟು ತಿಂದವರಲ್ಲಿ ನಾವೂ ಇದ್ದೇವೆ. ಮೊದಲು ಆ ಸಿಮ್ ವಿಷಯ ಹೇಳುತ್ತೇನೆ, ಓದುವ ಬೇರೆಯವರಿಗೂ ಬೇಕಾಗುತ್ತದೆ.

ಹತ್ತಂಕಿಯ ಸಾಮಾನ್ಯ ನಂಬರಿನಿಂದ ಒಟ್ಟಿಗೆ ತುಂಬಾ ಜನರಿಗೆ ಮೆಸೇಜ್ ಹಾಕಿದರೆ, ಕಾನೂನಿನ ಲೆಕ್ಕದಲ್ಲಿ ನೀವು ನೋಂದಣಿ ಇಲ್ಲದ ಟೆಲಿಮಾರ್ಕೆಟರ್. ಕೆಲಸ ಎಷ್ಟೇ ಪುಣ್ಯದ್ದಾದರೂ ಅಷ್ಟೇ. 2018ರಲ್ಲಿ ಟ್ರಾಯ್ (ದೇಶದ ಟೆಲಿಕಾಂ ನಿಯಂತ್ರಣ ಪ್ರಾಧಿಕಾರ) ತಂದ ನಿಯಮ ಇದು. 2025ರ ಫೆಬ್ರವರಿಯಲ್ಲಿ ಅದನ್ನು ಇನ್ನೂ ಬಿಗಿ ಮಾಡಿದರು. ಮೊದಲು ಏಳು ದಿನದಲ್ಲಿ ಹತ್ತು ದೂರು ಬಂದರೆ ಕ್ರಮ ಇತ್ತು, ಈಗ ಹತ್ತು ದಿನದಲ್ಲಿ ಐದು ದೂರು ಸಾಕು. ಮೊದಲ ಸಲ 15 ದಿನ ಹೊರಗೆ ಹೋಗುವ ಕರೆ, ಮೆಸೇಜ್ ಎಲ್ಲ ನಿಲ್ಲುತ್ತದೆ. ಮತ್ತೆ ಮಾಡಿದರೆ ಆ ಹೆಸರಿನಲ್ಲಿರುವ ಎಲ್ಲ ನಂಬರೂ ಒಂದು ವರ್ಷಕ್ಕೆ ಬಂದ್. ನಿಮ್ಮ ಹುಡುಗನಿಗೆ ಇನ್ನೊಮ್ಮೆ ಆ ಕೆಲಸ ಹೇಳಬೇಡಿ. ಪಾಪ, ಅವನ ಸ್ವಂತ ನಂಬರ್ ಅದು.

ಇನ್ನೂ ನೋಂದಣಿ ಮಾಡಿಸದವರಿಗೆ ಒಂದು ಮಾತು. ಜಿಯೋ, ಏರ್‌ಟೆಲ್, ವಿಐ, ಬಿಎಸ್‌ಎನ್‌ಎಲ್ ಹೀಗೆ ಯಾವುದಾದರೂ ಒಂದರ ಡಿಎಲ್‌ಟಿ ತಾಣದಲ್ಲಿ ಮಾಡಿಸಿದರೆ ಸಾಕು, ಎಲ್ಲ ಕಡೆ ನಡೆಯುತ್ತದೆ. ಅಲ್ಲಿ ಸಿಗುವ 19 ಅಂಕಿಯ ಗುರುತಿನ ಸಂಖ್ಯೆಯನ್ನು ಜೋಪಾನವಾಗಿ ಬರೆದಿಟ್ಟುಕೊಳ್ಳಿ. ನಮ್ಮದು ಎರಡು ಸಲ ವಾಪಸ್ ಬಂತು. ಮೊದಲ ಸಲ ಅಧ್ಯಕ್ಷರ ಸ್ವಂತ ಪ್ಯಾನ್ ಹಾಕಿದ್ದೆವು, ಟ್ರಸ್ಟಿನ ಹೆಸರಿನಲ್ಲಿರುವ ಪ್ಯಾನೇ ಬೇಕು. ಎರಡನೇ ಸಲ ಟ್ರಸ್ಟ್ ಡೀಡಿನಲ್ಲಿ ಹೆಸರಿನ ಕೊನೆಗೆ "ಹಾಸನ" ಅಂತ ಇತ್ತು, ಪ್ಯಾನಿನಲ್ಲಿ ಇರಲಿಲ್ಲ. ಅಷ್ಟಕ್ಕೇ ತಿರಸ್ಕಾರ.

ನಿಮ್ಮ ತೊಂದರೆಗೆ ಬರೋಣ. ನನಗೆ ಹೊಳೆಯುವ ಕಾರಣ ಎರಡು. ಒಂದು, ಮೆಸೇಜಿನೊಳಗೆ ಲಿಂಕ್ ಅಥವಾ ಫೋನ್ ನಂಬರ್ ಇದೆಯಾ? 2024ರ ಅಕ್ಟೋಬರ್ 1ರಿಂದ ಮೊದಲೇ ನೋಂದಾಯಿಸದ ಲಿಂಕ್ ಇದ್ದ ಮೆಸೇಜನ್ನು ತಡೆಯುತ್ತಾರೆ. ವಾಪಸ್ ಕರೆ ಮಾಡಲು ಕೊಟ್ಟ ಫೋನ್ ನಂಬರಿಗೂ ಅದೇ ಕಥೆ. ಸಿಕ್ಕ ಸಿಕ್ಕ ತಾಣದಲ್ಲಿ ಲಿಂಕ್ ಗಿಡ್ಡ ಮಾಡಿ ಹಾಕಿದರೆ ಹೋಗಲ್ಲ. ಎರಡು, ನಿಮ್ಮ ಎಸ್‌ಎಂಎಸ್ ಕಂಪನಿ ನಡುವೆ ಇನ್ಯಾರದೋ ಮೂಲಕ ಕಳಿಸುತ್ತಿರಬಹುದು. 2024ರ ಡಿಸೆಂಬರಿನಿಂದ ನಿಮ್ಮಿಂದ ಆಪರೇಟರ್‌ವರೆಗೆ ಯಾರ್ಯಾರ ಕೈ ದಾಟುತ್ತದೆ ಎಂಬ ಸರಪಳಿಯನ್ನು ಡಿಎಲ್‌ಟಿಯಲ್ಲಿ ತೋರಿಸಲೇಬೇಕು. ನಡುವೆ ಒಂದು ಕೊಂಡಿ ಬಿಟ್ಟುಹೋದರೂ ಮೆಸೇಜ್ ಸಾಯುತ್ತದೆ. ಆದರೆ ನಿಮ್ಮ 29 ತಲುಪಿದೆಯಲ್ಲ, ಹಾಗಾಗಿ ಸರಪಳಿ ಸರಿ ಇದ್ದಂತಿದೆ.

ಪಾಸಾದ ಟೆಂಪ್ಲೇಟನ್ನೂ ಕಳಿಸಿದ ಮೆಸೇಜನ್ನೂ ಇದ್ದ ಹಾಗೇ ಇಲ್ಲಿ ಹಾಕಿ. ಟೈಪ್ ಮಾಡಬೇಡಿ, ಕಾಪಿ ಮಾಡಿ.

ಶಿಬಿರದ ಲೆಕ್ಕ, ತಿಪಟೂರು

ತುಂಬಾ ಥ್ಯಾಂಕ್ಸ್ ಸರ್. ಲಿಂಕ್ ಇಲ್ಲ, ನಂಬರೂ ಇಲ್ಲ. ಟೆಂಪ್ಲೇಟ್ ಇದು. ಗೆರೆ ಎಳೆದ ಕಡೆ ಖಾಲಿ ಜಾಗ, ಅಂದರೆ ವೇರಿಯಬಲ್.

"ನಮಸ್ಕಾರ ____ ಅವರೇ, ಆಪರೇಷನ್‌ ಆದ ನಿಮ್ಮ ಕಣ್ಣಿನ ಮರುತಪಾಸಣೆ ____ ರಂದು ____ ಇಲ್ಲಿ ನಡೆಯುತ್ತದೆ. ಹನಿ ಬಾಟಲಿ ಮತ್ತು ಚೀಟಿ ತಪ್ಪದೆ ತನ್ನಿ." ಕೊನೆಗೆ ಟ್ರಸ್ಟಿನ ಹೆಸರು.

ಇದನ್ನು ಎರಡು ಕಂತಿನಲ್ಲಿ ಕಳಿಸಿದೆವು. ಶುಕ್ರವಾರ ಆಫೀಸಿನ ಕಂಪ್ಯೂಟರಿನಿಂದ ನಾನು 52 ಜನಕ್ಕೆ ಹಾಕಿದೆ. ಅದರಲ್ಲಿ 31 ಜನ ತಿಪಟೂರಿಗೆ ಬರುವವರು, 21 ಜನ ಹುಳಿಯಾರಿಗೆ ಬರುವವರು. ಶನಿವಾರ ನಮ್ಮ ಹುಡುಗ ಅವನ ಮೊಬೈಲಿನಲ್ಲೇ ಎಸ್‌ಎಂಎಸ್ ಕಂಪನಿಯ ತಾಣ ತೆರೆದು, ಟೈಪ್ ಮಾಡಿ ಉಳಿದ 34 ಜನಕ್ಕೆ ಹಾಕಿದ. ಎಲ್ಲರೂ ತಿಪಟೂರಿನವರೇ. ಅವನ ಮೆಸೇಜು:

"ನಮಸ್ಕಾರ ____ ಅವರೇ, ಆಪರೇಷನ್ ಆದ ನಿಮ್ಮ ಕಣ್ಣಿನ ಮರುತಪಾಸಣೆ" ಅಂತ ಶುರುವಾಗಿ ಉಳಿದದ್ದೆಲ್ಲ ಅದೇ. ಅಕ್ಷರ ಅಕ್ಷರ ಇಟ್ಟು ನೋಡಿದೆ. ಒಂದು ಚುಕ್ಕಿಯೂ ವ್ಯತ್ಯಾಸ ಇಲ್ಲ.

ಹುಳಿಯಾರಿನವರಿಗೆ ಜಾಗದ ಹೆಸರು ಹೀಗೆ ಹಾಕಿದ್ದೆ: ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ, ಹುಳಿಯಾರು.

ಅಕ್ಷರ ಎಣಿಸುವವ, ಬೆಂಗಳೂರು

ಅಕ್ಕಾ, ನಾನು ಮೆಸೇಜ್ ಕಳಿಸುವ ಕಡೆ ಕೆಲಸ ಮಾಡಿದವನು. ದಿನವಿಡೀ ಇಂಥ ಫೇಲ್ ಆದ ಮೆಸೇಜುಗಳನ್ನೇ ನೋಡುತ್ತಿದ್ದೆ. ನಿಮ್ಮ ಲೆಕ್ಕ ನೋಡಿದ ತಕ್ಷಣ ಗೊತ್ತಾಯ್ತು, ಇಲ್ಲಿ ಎರಡು ಬೇರೆ ಬೇರೆ ತಪ್ಪುಗಳು ಸೇರಿಕೊಂಡಿವೆ. ತಲುಪದ ಹುಳಿಯಾರಿನ 21 ಒಂದು ಕಾರಣಕ್ಕೆ, ಮೊಬೈಲಿನಿಂದ ಹೋದ 34 ಇನ್ನೊಂದು ಕಾರಣಕ್ಕೆ. ಎರಡೂ ಸೇರಿ 55.

ಮೊದಲು ಹುಳಿಯಾರು. ಟೆಂಪ್ಲೇಟಿನ ಪ್ರತಿ ಖಾಲಿ ಜಾಗದಲ್ಲಿ 30 ಅಕ್ಷರಕ್ಕಿಂತ ಜಾಸ್ತಿ ಹಿಡಿಯಲ್ಲ. ನೀವು ಅಂದುಕೊಂಡಿರುತ್ತೀರಿ, ಶಾಲೆಯ ಹೆಸರು ಹದಿನೈದಿಪ್ಪತ್ತು ಅಕ್ಷರ ಇದೆ ಅಂತ. ಕಂಪ್ಯೂಟರ್ ನಮ್ಮ ಹಾಗೆ ಎಣಿಸಲ್ಲ. ಗುಣಿತದ ಗುರುತು ಒಂದು, ಒತ್ತಿಗೆ ಮೊದಲಿನ ವಿರಾಮದ ಗುರುತು ಒಂದು, ಒತ್ತಕ್ಷರ ಇನ್ನೊಂದು. "ಪ್ರಾ" ನಮಗೆ ಒಂದಕ್ಷರ, ಅದಕ್ಕೆ ನಾಲ್ಕು: ಪ, ಆಮೇಲೆ ವಿರಾಮ, ಆಮೇಲೆ ರ, ಆಮೇಲೆ ದೀರ್ಘ. ಈ ಲೆಕ್ಕದಲ್ಲಿ ಸರ್ಕಾರಿ ಅಂದರೆ 7, ಹಿರಿಯ 5, ಪ್ರಾಥಮಿಕ 8, ಶಾಲೆ 4, ನಡುವಿನ ಜಾಗ 3. ಅಲ್ಲಿಗೇ 27. ಅದರ ಮೇಲೆ ಅಲ್ಪವಿರಾಮ, ಒಂದು ಜಾಗ, ಹುಳಿಯಾರಿನ 8. ಒಟ್ಟು 37. ಏಳು ಅಕ್ಷರ ಜಾಸ್ತಿ ಆಗಿದ್ದಕ್ಕೆ ಅಷ್ಟೂ ಜನರ ಮೆಸೇಜ್ ಬಿದ್ದುಹೋಯ್ತು. ಆ ಅಜ್ಜಿಯದೂ ಇದರಲ್ಲೇ ಹೋಗಿರುತ್ತದೆ.

"ಹುಳಿಯಾರು ಸ.ಹಿ.ಪ್ರಾ. ಶಾಲೆ" ಅಂತ ಹಾಕಿ. ಊರಿನವರಿಗೆಲ್ಲ ಅರ್ಥವಾಗುತ್ತದೆ, ಶಾಲೆಯ ಬೋರ್ಡಿನಲ್ಲೂ ಹಾಗೇ ಇರುತ್ತದೆ. ಅದು 24.

ಈಗ ಆ 34. ನೀವು ಅಕ್ಷರ ಅಕ್ಷರ ಇಟ್ಟು ನೋಡಿದ್ದು ಸರಿ, ಕಣ್ಣಿಗೆ ವ್ಯತ್ಯಾಸ ಕಾಣಲ್ಲ. ನಾನು ನಿಮ್ಮ ಟೆಂಪ್ಲೇಟನ್ನು ಕಾಪಿ ಮಾಡಿ "ಆಪರೇಷನ್" ಪದವನ್ನಷ್ಟೇ ಎಣಿಸಿದೆ. ಟೆಂಪ್ಲೇಟಿನಲ್ಲಿ 8 ಬರುತ್ತದೆ, ಹುಡುಗನ ಮೆಸೇಜಿನಲ್ಲಿ 7. ಟೆಂಪ್ಲೇಟಿನಲ್ಲಿ ಕೊನೆಯ "ನ್" ಆದಮೇಲೆ ಒಂದು ಕಾಣದ ಅಕ್ಷರ ಕೂತಿದೆ. ಅದರ ಹೆಸರು ಜೀರೋ ವಿಡ್ತ್ ನಾನ್ ಜಾಯ್ನರ್. ಮುಂದೆ ಬರುವ ಅಕ್ಷರ ಒತ್ತಾಗಿ ಕೆಳಗೆ ಇಳಿಯದಿರಲಿ ಎಂದು ಅದನ್ನು ಹಾಕುತ್ತಾರೆ. "ಆಪರೇಷನ್‌ಗೆ" ಎಂದು ಬರೆಯುವಾಗ ಅದು ಬೇಕು. ಇಲ್ಲದಿದ್ದರೆ "ಆಪರೇಷನ್ಗೆ" ಆಗಿ ನಕಾರದ ಕಾಲಿಗೆ ಗಕಾರ ಬಂದು ಅಂಟಿಕೊಳ್ಳುತ್ತದೆ. ಕೆಲವು ಕೀಬೋರ್ಡುಗಳು ಪದದ ಕೊನೆಯ ಅರ್ಧಾಕ್ಷರಕ್ಕೂ ಸುಮ್ನೆ ಅದನ್ನು ಸೇರಿಸಿಬಿಡುತ್ತವೆ. ನಿಮ್ಮ ಆಫೀಸಿನ ಕಂಪ್ಯೂಟರ್ ಸೇರಿಸಿದೆ, ಹುಡುಗನ ಮೊಬೈಲ್ ಸೇರಿಸಿಲ್ಲ. ಆಪರೇಟರ್ ಕಡೆ ನಿಮ್ಮ ಮೆಸೇಜನ್ನು ಪಾಸಾದ ಟೆಂಪ್ಲೇಟಿನ ಜೊತೆ ಹೋಲಿಸಿ ನೋಡುವುದು ಯಂತ್ರ. ಅದಕ್ಕೆ ಅರ್ಥ ಗೊತ್ತಿಲ್ಲ, ಕೋಡ್ ಮಾತ್ರ ಗೊತ್ತು, ಅಂದರೆ ಪ್ರತಿ ಅಕ್ಷರಕ್ಕೂ ಗುರುತಿಗೂ ಕಂಪ್ಯೂಟರಿನಲ್ಲಿ ಇರುವ ಸಂಖ್ಯೆ. ಒಂದು ಕೋಡ್ ಕಡಿಮೆ, ಟೆಂಪ್ಲೇಟ್ ಹೊಂದಿಲ್ಲ. ಇಂಗ್ಲಿಷಿನಲ್ಲಿ ಕಳಿಸುವವರಿಗೆ ಎರಡು ಸ್ಪೇಸ್ ಬಿದ್ದು ಹೀಗಾಗುತ್ತದೆ, ನಮಗೆ ಅದರ ಜೊತೆಗೆ ಇದೂ ಇದೆ.

ಇದೊಂದೇ ಅಲ್ಲ. "ಫೋನ್" ಬರೆಯುವಾಗಿನ ಓಕಾರದ ಗುರುತು ಕೆಲವು ಕಡೆ ಒಂದೇ ಕೋಡ್ ಆಗಿರುತ್ತದೆ, ಕೆಲವು ಕಡೆ ತುಂಡು ತುಂಡಾಗಿ ಕೂತಿರುತ್ತದೆ. ನೋಡಲು ಒಂದೇ. ಹಳೆಯ ಫಾಂಟಿನಲ್ಲಿ ಟೈಪ್ ಮಾಡಿ ಯೂನಿಕೋಡಿಗೆ ಬದಲಾಯಿಸಿದ ಕಾಗದದಿಂದ ಕಾಪಿ ಮಾಡಿದರೆ ಇಂಥವು ಜಾಸ್ತಿ.

ಪರೀಕ್ಷೆ ಮಾಡುವುದು ಸುಲಭ. ಎಕ್ಸೆಲ್‌ನಲ್ಲಿ ಒಂದು ಮನೆಯಲ್ಲಿ ಟೆಂಪ್ಲೇಟ್, ಇನ್ನೊಂದರಲ್ಲಿ ಕಳಿಸುವ ಮೆಸೇಜ್ ಇಟ್ಟು, ಅಕ್ಷರ ಎಣಿಸುವ ಲೆನ್ (LEN) ಫಾರ್ಮುಲಾ ಹಾಕಿ. ಅದು ಕೊಡುವ ಎಣಿಕೆ ಇದೇ ಕೋಡುಗಳ ಎಣಿಕೆ. ಖಾಲಿ ಜಾಗ ಬಿಟ್ಟು ಉಳಿದದ್ದು ಸಮ ಬರಬೇಕು. 30ರ ಮಿತಿ ನೋಡುವುದಕ್ಕೂ ಅದೇ ಫಾರ್ಮುಲಾ. ಇನ್ನು ಮೇಲೆ ಯಾರೂ ಮೆಸೇಜನ್ನು ಕೈಯಲ್ಲಿ ಟೈಪ್ ಮಾಡುವುದು ಬೇಡ. ಪಾಸಾದ ಟೆಂಪ್ಲೇಟನ್ನು ಡಿಎಲ್‌ಟಿ ತಾಣದಿಂದಲೇ ಎತ್ತಿ ಒಂದು ಫೈಲಿನಲ್ಲಿಟ್ಟು, ಅದರಲ್ಲಿ ಹೆಸರು, ದಿನ, ಜಾಗ ಮಾತ್ರ ತುಂಬಿ.

ಇನ್ನೊಂದು ಮಾತು, ದುಡ್ಡಿನದು. ಇಂಗ್ಲಿಷ್ ಮೆಸೇಜಿಗೆ 160 ಅಕ್ಷರ ಸಿಗುತ್ತದೆ, ಕನ್ನಡಕ್ಕೆ 70. ಅದು ದಾಟಿದರೆ ಭಾಗ ಭಾಗವಾಗಿ ಹೋಗುತ್ತದೆ, ಆಗ ಒಂದು ಭಾಗಕ್ಕೆ 67 ಮಾತ್ರ. ನಿಮ್ಮ ಟೆಂಪ್ಲೇಟಿನಲ್ಲಿ ಹೆಸರು 12 ಎಂದುಕೊಂಡರೆ "ಮರುತಪಾಸಣೆ" ಮುಗಿಯುವಷ್ಟರಲ್ಲೇ 60 ದಾಟುತ್ತದೆ. ಪೂರ್ತಿ ಮೆಸೇಜ್ ಮೂರು ಭಾಗ. ಒಬ್ಬರಿಗೆ ಕಳಿಸಿದರೂ ಮೂರು ಮೆಸೇಜಿನ ದುಡ್ಡು. "ನಮಸ್ಕಾರ", "ಅವರೇ", "ನಡೆಯುತ್ತದೆ", "ತಪ್ಪದೆ" ಇಂಥವನ್ನೆಲ್ಲ ತೆಗೆದು ಇನ್ನಷ್ಟು ಗಿಡ್ಡ ಮಾಡಿದರೆ ಎರಡಕ್ಕೆ ಇಳಿಯುತ್ತದೆ. ಮರ್ಯಾದೆ ಕಡಿಮೆ ಆಯ್ತು ಅನ್ನಿಸಬಹುದು. ಆದರೆ ಸಣ್ಣ ಪರದೆಯ ಫೋನಿನಲ್ಲಿ ಓದುವವರಿಗೆ ದಿನ, ಜಾಗ ಮೊದಲೇ ಕಂಡರೆ ಒಳ್ಳೆಯದು ಅಲ್ವಾ?

"____, ಕಣ್ಣಿನ ಮರುತಪಾಸಣೆ ____, ಸ್ಥಳ ____. ಚೀಟಿ, ಹನಿ ಬಾಟಲಿ ತನ್ನಿ." ಕೊನೆಗೆ ಟ್ರಸ್ಟಿನ ಹೆಸರು. ಹೆಸರು ಬಿಡಬೇಡಿ, ಅದಿಲ್ಲದಿದ್ದರೆ ಟೆಂಪ್ಲೇಟ್ ಪಾಸಾಗಲ್ಲ. ಇದರಲ್ಲಿ ಅರ್ಧಾಕ್ಷರದಿಂದ ಮುಗಿಯುವ ಪದವೇ ಇಲ್ಲ. ಬೇಕಂತಲೇ ಹಾಗೆ ಬರೆದೆ. ನಿಮ್ಮ ಹೆಸರಿನಲ್ಲಿ "ಟ್ರಸ್ಟ್" ಇದ್ದರೆ ಅದೊಂದನ್ನು ಎಣಿಸಿ ನೋಡಿ.

ಶಿಬಿರದ ಲೆಕ್ಕ, ತಿಪಟೂರು

ಅಣ್ಣಾ, ಲೆನ್ ಹಾಕಿ ನೋಡಿದೆ. ನೀವು ಹೇಳಿದ ಹಾಗೇ 8 ಮತ್ತು 7 ಬಂತು. ನಮ್ಮ ಹೆಸರಿನ "ಟ್ರಸ್ಟ್" ಕೊನೆಯಲ್ಲೂ ಅದೇ ಕಾಣದ್ದು ಕೂತಿದೆ. ಎಷ್ಟು ದಿನದಿಂದ ಆ ಹುಡುಗನನ್ನು ಬೈದಿದ್ದೇನೋ, ಇವತ್ತು ಅವನಿಗೆ ಫೋನ್ ಮಾಡಿ ನಿನ್ನ ತಪ್ಪಿಲ್ಲ ಎಂದು ಹೇಳಿದೆ. ಹೊಸ ಟೆಂಪ್ಲೇಟ್ ಇವತ್ತೇ ಹಾಕುತ್ತೇನೆ.

ಒಂದು ಅನುಮಾನ. ನಾವು ವರ್ಷಕ್ಕೊಮ್ಮೆ ದಾನಿಗಳಿಗೂ ಮೆಸೇಜ್ ಹಾಕುತ್ತೇವೆ, ಈ ವರ್ಷದ ಶಿಬಿರಕ್ಕೆ ಸಹಾಯ ಮಾಡಿ ಅಂತ. ಅದನ್ನೂ ಇದೇ ಹೆಡರಿನಲ್ಲಿ ಹಾಕಬಹುದಾ?

ಓದುವ ಮನೆ, ಧಾರವಾಡ

ಹಾಕಬೇಡಿ ಅಕ್ಕಾರ. ನಾವು ಮಕ್ಕಳ ಗ್ರಂಥಾಲಯ ನಡೆಸುತ್ತೇವೆ, ಈ ವಿಷಯದಲ್ಲಿ ನಮಗೆ ತಿಳುವಳಿಕೆ ಬಂದಿದ್ದು ತಡವಾಗಿ.

ಈಗ ಮೆಸೇಜ್ ಬಂದಾಗ ಹೆಡರಿನ ಹಿಂದೆ ಮುಂದೆ ಏನೇನು ಇರುತ್ತದೆ ನೋಡಿ. ಮುಂದೆ ಎರಡು ಇಂಗ್ಲಿಷ್ ಅಕ್ಷರ ಇರುತ್ತವೆ. ಮೊದಲನೆಯದು ಆಪರೇಟರ್, ಎರಡನೆಯದು ಯಾವ ಸರ್ಕಲ್, ಅಂದರೆ ಯಾವ ಟೆಲಿಕಾಂ ಪ್ರದೇಶ ಎಂಬುದು. ಕರ್ನಾಟಕಕ್ಕೆ ಎಕ್ಸ್. ಜಿಯೋ ಕರ್ನಾಟಕದಿಂದ ಹೊರಟರೆ ಜೆಎಕ್ಸ್. ಹಿಂದೆ 2025ರಿಂದ ಇನ್ನೊಂದು ಅಕ್ಷರ ಸೇರಿದೆ. ಪಿ ಅಂದರೆ ಪ್ರಚಾರದ್ದು, ಎಸ್ ಅಂದರೆ ಸೇವೆಯದು, ಟಿ ಅಂದರೆ ವಹಿವಾಟಿನದು, ಜಿ ಅಂದರೆ ಸರ್ಕಾರದ್ದು. ನಿಮ್ಮ ಮರುತಪಾಸಣೆ ಮೆಸೇಜು ಸೇವೆಯದು. ಆ ಮನುಷ್ಯ ನಿಮ್ಮಲ್ಲಿ ಆಪರೇಷನ್ ಮಾಡಿಸಿಕೊಂಡಿದ್ದಾರೆ, ಅವರ ಕೆಲಸಕ್ಕೇ ಕಳಿಸುತ್ತಿದ್ದೀರಿ. ಅವರು 1909 ನಂಬರಿಗೆ ಹೇಳಿ ಎಲ್ಲ ಜಾಹೀರಾತು ಬೇಡ ಎಂದಿದ್ದರೂ ಇದು ತಲುಪುತ್ತದೆ. ದಾನ ಕೇಳುವ ಮೆಸೇಜು ಪ್ರಚಾರದ ಲೆಕ್ಕಕ್ಕೆ ಹೋಗುತ್ತದೆ. ಅದು ಬೆಳಗ್ಗೆ 10ರಿಂದ ರಾತ್ರಿ 9ರೊಳಗೆ ಮಾತ್ರ ಹೋಗುತ್ತದೆ, ಬೇಡ ಎಂದವರಿಗೆ ಹೋಗಲ್ಲ. ಅದನ್ನು ಸೇವೆಯ ಟೆಂಪ್ಲೇಟಿನಲ್ಲಿ ನುಸುಳಿಸಿದರೆ ದೂರು ಬರುತ್ತದೆ. ಆಗ ಕುತ್ತು ಬರುವುದು ನಿಮ್ಮ ಕಣ್ಣಿನ ಮೆಸೇಜ್ ಹೋಗುವ ಹೆಡರಿಗೇ. ದಾನಿಗಳಿಗೆ ದುಡ್ಡು ಬಂದಮೇಲೆ ಕಳಿಸುವ ರಸೀದಿ ಮಾತ್ರ ಸೇವೆಯದೇ, ಅದಕ್ಕೆ ತೊಂದರೆ ಇಲ್ಲ.

ನಾವಂತೂ ದಾನ ಕೇಳುವುದನ್ನು ಮೆಸೇಜಿನಲ್ಲಿ ನಿಲ್ಲಿಸಿಬಿಟ್ಟೆವು. ಇರುವ ದಾನಿಗಳೇ ನೂರಿಪ್ಪತ್ತು ಜನ. ನಾಲ್ಕು ಜನ ಹಂಚಿಕೊಂಡು ಫೋನ್ ಮಾಡುತ್ತೇವೆ. ಮಾತಾಡಿಸಿದಂತೆಯೂ ಆಗುತ್ತದೆ.

ಇನ್ನೊಂದು, ರಿಪೋರ್ಟಿನಲ್ಲಿ ತಲುಪಿದೆ ಅಂತ ಬಂದರೂ ಅವರು ನೋಡಿರಲ್ಲ. ಸ್ಮಾರ್ಟ್‌ಫೋನಿನ ಮೆಸೇಜ್ ಆಪ್‌ಗಳಲ್ಲಿ ಸ್ಪ್ಯಾಮ್ ಅಂತ ಬೇರೆ ಡಬ್ಬಿ ಇರುತ್ತದೆ. ನಮ್ಮ ಮೆಸೇಜುಗಳು ಎಷ್ಟೋ ಪೋಷಕರ ಫೋನಿನಲ್ಲಿ ಅಲ್ಲಿ ಬಿದ್ದಿದ್ದವು. ಈಗ ಮಗುವನ್ನು ಸೇರಿಸುವ ದಿನವೇ ಅವರೆದುರು ಒಂದು ಮೆಸೇಜ್ ಕಳಿಸುತ್ತೇವೆ. ಸ್ಪ್ಯಾಮಿನಲ್ಲಿ ಬಿದ್ದರೆ ಅವರ ಕೈಯಲ್ಲೇ ತೆಗೆಸಿ, ಸ್ಪ್ಯಾಮ್ ಅಲ್ಲ ಎಂದು ಒತ್ತಿಸುತ್ತೇವೆ. ನಿಮ್ಮಲ್ಲೂ ಆಪರೇಷನ್ ಆಗಿ ಮನೆಗೆ ಬಿಡುವ ದಿನ ಬಸ್ಸಿನಲ್ಲೇ ಮಾಡಬಹುದು ನೋಡಿ. ನಂಬರ್ ತಪ್ಪಿದ್ದರೂ ಅಲ್ಲೇ ಗೊತ್ತಾಗುತ್ತದೆ.

ಕೂಟದ ಕಾರ್ಯದರ್ಶಿ, ನ್ಯೂಜೆರ್ಸಿ

ಕೇಳಿದ್ದು ಭಾರತದ್ದು, ಆದರೂ ಹೊರದೇಶದ ಕನ್ನಡ ಕೂಟದವರು ಓದುತ್ತಿರಬಹುದು ಎಂದು ಬರೆಯುತ್ತಿದ್ದೇನೆ. ಅಮೆರಿಕದಲ್ಲೂ ಸಾಮಾನ್ಯ ಹತ್ತಂಕಿಯ ನಂಬರಿನಿಂದ ಸಾಫ್ಟ್‌ವೇರ್ ಮೂಲಕ ಮೆಸೇಜ್ ಕಳಿಸಬೇಕಾದರೆ ಮೊದಲು ಸಂಸ್ಥೆಯನ್ನೂ, ಆಮೇಲೆ ಯಾವ ಉದ್ದೇಶಕ್ಕೆ ಕಳಿಸುತ್ತೀರಿ ಎಂಬುದನ್ನೂ ನೋಂದಾಯಿಸಬೇಕು. ಇಲ್ಲದಿದ್ದರೆ ಫೋನ್ ಕಂಪನಿಗಳು ತಡೆಯುತ್ತವೆ. ನಮ್ಮದು ತೆರಿಗೆ ಇಲಾಖೆಯ ಪತ್ರದಲ್ಲಿರುವ ಹೆಸರಿಗೂ ನಾವು ಬರೆದ ಹೆಸರಿಗೂ ಹೊಂದದೆ ವಾಪಸ್ ಬಂತು. ಹಾಸನದವರ ಕಥೆಯೇ. ಇನ್ನೊಂದು, ಸದಸ್ಯರು ಒಪ್ಪಿ ನಂಬರ್ ಕೊಟ್ಟದ್ದಕ್ಕೆ ದಾಖಲೆ ಕೇಳುತ್ತಾರೆ. ಯುಗಾದಿ ಊಟಕ್ಕೆ ಬಂದವರ ಕಾಗದದ ಪಟ್ಟಿ ಸಾಲಲ್ಲ. ಸದಸ್ಯತ್ವದ ಫಾರ್ಮಿನಲ್ಲಿ ಮೆಸೇಜ್ ಕಳಿಸಬಹುದು ಎಂಬ ಸಾಲು ಸೇರಿಸಿ, ಅದಕ್ಕೆ ಬೇರೆಯಾಗಿ ಗುರುತು ಹಾಕಿಸಿಕೊಳ್ಳಿ. ಯಾರಾದರೂ ಸ್ಟಾಪ್ ಎಂದು ಉತ್ತರಿಸಿದರೆ ಅಲ್ಲಿಗೇ ನಿಲ್ಲಿಸಬೇಕು.

ಶಿಬಿರದ ಲೆಕ್ಕ, ತಿಪಟೂರು

ಮೂರು ವಾರ ಆಯ್ತು, ಏನಾಯ್ತೆಂದು ಹೇಳಬೇಕಲ್ಲ.

ಹೊಸ ಟೆಂಪ್ಲೇಟ್ ಮೊದಲ ಸಲ ತಿರಸ್ಕಾರ ಆಯ್ತು, ಟ್ರಸ್ಟಿನ ಹೆಸರನ್ನು ಗಿಡ್ಡ ಮಾಡಿದ್ದೆ. ಪೂರ್ತಿ ಹೆಸರು ಹಾಕಿದ ಮೇಲೆ ಪಾಸಾಯ್ತು. ಎಕ್ಸೆಲ್‌ನಲ್ಲಿ ಹೆಸರು, ದಿನ, ಸ್ಥಳಕ್ಕೆ ಒಂದೊಂದು ಕಾಲಂ ಮಾಡಿ, ಪಕ್ಕದಲ್ಲಿ ಲೆನ್ ಹಾಕಿಟ್ಟಿದ್ದೇನೆ. 30 ದಾಟಿದರೆ ಆ ಮನೆ ಕೆಂಪಾಗುತ್ತದೆ. ಕೆಂಪಾಗಿದ್ದು ನಾಲ್ಕು. ನಾಲ್ಕೂ ಹೆಣ್ಣುಮಕ್ಕಳ ಹೆಸರೇ. ಶಿಬಿರದಲ್ಲಿ ಹೆಸರು ಬರೆದುಕೊಳ್ಳುವವರು ಗಂಡನ ಹೆಸರನ್ನೂ ಊರನ್ನೂ ಸೇರಿಸಿ ಬರೆದಿದ್ದರು. ಅವರ ಹೆಸರಷ್ಟನ್ನೇ ಉಳಿಸಿದೆ.

ಗುರುವಾರ ಎಲ್ಲರಿಗಿಂತ ಮೊದಲು ಎರಡೇ ನಂಬರಿಗೆ ಕಳಿಸಿದೆ. ಒಂದು ನನ್ನದು, ಒಂದು ಹುಳಿಯಾರಿನ ಆ ಅಜ್ಜಿಯ ಮೊಮ್ಮಗನದು. ನನಗೆ ಬಂತು. ಆ ಮೊಮ್ಮಗನಿಗೆ ಫೋನ್ ಮಾಡಿ ನೋಡಪ್ಪಾ ಎಂದೆ. ಜೆಎಕ್ಸ್ ಅಂತ ಮುಂದೆ, ಎಸ್ ಅಂತ ಹಿಂದೆ ಇದೆ ಎಂದು ಓದಿದ. ಆಮೇಲೆ ಅಜ್ಜಿಗೆ ಕೇಳುವ ಹಾಗೆ ಜೋರಾಗಿ ಪೂರ್ತಿ ಓದಿದ. ಅಜ್ಜಿ ಹಿಂದಿನಿಂದ "ಬಾಟಲಿ ಖಾಲಿ ಇದ್ರೂ ತರಬೇಕಾ ಕೇಳು" ಅಂದದ್ದು ನನಗೆ ಫೋನಿನಲ್ಲೇ ಕೇಳಿಸಿತು. ತನ್ನಿ ಅಜ್ಜಿ, ಖಾಲಿ ಇದ್ದರೂ ತನ್ನಿ ಎಂದೆ.

ಆಮೇಲೆ ಉಳಿದವರಿಗೆ ಹಾಕಿದೆ. ಕಳೆದ ಸಲ ಬರದೇ ಉಳಿದ 52 ಜನ, ಹೊಸದಾಗಿ ಆಪರೇಷನ್ ಆದ 38 ಜನ, ಒಟ್ಟು 90. ತಲುಪಿದ್ದು 85. ಐದರಲ್ಲಿ ಮೂರು ನಂಬರ್ ಈಗ ಚಾಲ್ತಿಯಲ್ಲಿಲ್ಲ, ಎರಡು ಸ್ವಿಚ್ ಆಫ್. ಟೆಂಪ್ಲೇಟ್ ಹೊಂದಿಲ್ಲ ಎಂಬುದು ಒಂದೂ ಇಲ್ಲ. ಆ ಐದೂ ಊರಿನ ಆಶಾ ಕಾರ್ಯಕರ್ತೆಯರಿಗೆ ಫೋನ್ ಮಾಡಿ ಹೇಳಿಸಿದೆ. ಭಾನುವಾರ 77 ಜನ ಬಂದರು. ಬರದ 13 ಜನರಿಗೆ ಇವತ್ತು ಒಬ್ಬೊಬ್ಬರಿಗೇ ಕರೆ ಮಾಡುತ್ತಿದ್ದೇನೆ, ಎಂಟು ಮುಗಿದಿದೆ.

ಧಾರವಾಡದ ಅಕ್ಕ ಹೇಳಿದ ಹಾಗೆ ದಾನಿಗಳ ಮೆಸೇಜ್ ಕೈಬಿಟ್ಟೆವು. ರಸೀದಿಗೆ ಮಾತ್ರ ಒಂದು ಟೆಂಪ್ಲೇಟ್ ಬರೆದಿದ್ದೇನೆ. ಬೆಂಗಳೂರಿನ ಅಣ್ಣ ಒಮ್ಮೆ ನೋಡಿ, ಎಲ್ಲಾದರೂ ಕಾಣದ್ದು ಕೂತಿದೆಯಾ ಹೇಳಿ:

"____, ನಿಮ್ಮ ____ ರೂಪಾಯಿ ಬಂದಿದೆ. ರಸೀದಿ ಸಂಖ್ಯೆ ____. ಈ ಹಣ ಕಣ್ಣಿನ ಶಿಬಿರಕ್ಕೆ." ಕೊನೆಗೆ ಟ್ರಸ್ಟಿನ ಹೆಸರು.